ನಾಲ್ಕರ ಬಸ್ಸಿನ ವರದಿ

ಶಿಗ್ಗಾವಿಯ ಪರಮೇಶ್ವರಪ್ಪನವರು ಮೂವತ್ತು ವರ್ಷ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರರಾಗಿದ್ದರು. ಆ ಮೂವತ್ತು ವರ್ಷದಲ್ಲಿ ಅವರು ಬರೆದ ಸಭೆ ಸಮಾರಂಭಗಳ ಸುದ್ದಿಯಲ್ಲಿ ಮುಕ್ಕಾಲು ಪಾಲು ಸಭೆ ಶುರುವಾಗುವ ಮೊದಲೇ ಬರೆದದ್ದು. ಇದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಸುದ್ದಿಯ ಲಕೋಟೆ ಹುಬ್ಬಳ್ಳಿಗೆ ಹೋಗುತ್ತಿದ್ದದ್ದು ಸಂಜೆ ನಾಲ್ಕರ ಬಸ್ಸಿನ ಕಂಡಕ್ಟರನ ಕೈಯಲ್ಲಿ. ಸಭೆಗಳು ಶುರುವಾಗುತ್ತಿದ್ದದ್ದು ಆರಕ್ಕೆ. ಹಾಗಾಗಿ ಮಧ್ಯಾಹ್ನ ಉಂಡು ಎದ್ದು, ಆಮಂತ್ರಣ ಪತ್ರಿಕೆಯನ್ನು ಎದುರಿಗೆ ಇಟ್ಟುಕೊಂಡು, ಅದರಲ್ಲಿ ಉದ್ಘಾಟಿಸುವರು ಎಂದಿದ್ದದ್ದನ್ನು ಉದ್ಘಾಟಿಸಿದರು ಎಂದು ಬರೆದು, ಅಧ್ಯಕ್ಷರ ಬಾಯಲ್ಲಿ ಎರಡು ಒಳ್ಳೆಯ ಮಾತು ಇಟ್ಟು ಬಸ್ ನಿಲ್ದಾಣಕ್ಕೆ ಹೋಗಿಬಿಡುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಅಧಿಕಾರಿಯ ಜೀಪು ತಡಸದ ಹತ್ತಿರ ಕೆಟ್ಟು ನಿಂತು, ಅವರು ಸಭೆಗೆ ಬರಲೇ ಇಲ್ಲ. ಮರುದಿನ ಪತ್ರಿಕೆಯಲ್ಲಿ ತಮ್ಮ ಭಾಷಣ ಓದಿ, ತಾವೂ ಇದನ್ನೇ ಹೇಳುವವರಿದ್ದೆವೆಂದು ಪರಮೇಶ್ವರಪ್ಪನವರ ಕೈ ಕುಲುಕಿದರಂತೆ. ಈ ಕಥೆಯನ್ನು ಮನೆಗೆ ಬಂದ ಯಾರಿಗೂ ಅವರು ಹೇಳದೆ ಕಳಿಸಿದ್ದಿಲ್ಲ.

ಆರು ವರ್ಷದ ಹಿಂದೆ ಪತ್ರಿಕೆಯವರು ಇನ್ನು ಮುಂದೆ ಸುದ್ದಿಯೂ ಫೋಟೋವೂ ಮೊಬೈಲಿನಲ್ಲಿ ಹತ್ತು ನಿಮಿಷದೊಳಗೆ ಬರಬೇಕು ಅಂದರು. ಅದು ಇವರಿಂದ ಆಗಲಿಲ್ಲ. ಅಲ್ಲಿಂದ ಈಚೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಮೂರು ಪತ್ರಿಕೆ ಓದುವುದು, ತಪ್ಪಿದ್ದಲ್ಲಿ ಕೆಂಪು ಪೆನ್ನಿನಿಂದ ಗೀಟು ಹಾಕುವುದು, ಆ ಗೀಟನ್ನು ಯಾರೂ ನೋಡಲಿಲ್ಲವೆಂದು ಸಿಟ್ಟಾಗುವುದು. ಬೀಜ ಗೊಬ್ಬರದ ಅಂಗಡಿಯನ್ನು ಮಗ ಚನ್ನೇಶ ನೋಡಿಕೊಳ್ಳುತ್ತಿದ್ದ. ಮನೆಯನ್ನು ಹೆಂಡತಿ ಸರೋಜವ್ವ ನೋಡಿಕೊಳ್ಳುತ್ತಿದ್ದಳು. ಪರಮೇಶ್ವರಪ್ಪನವರನ್ನು ಯಾರೂ ನೋಡಿಕೊಳ್ಳುವಂತಿರಲಿಲ್ಲ, ಅಷ್ಟು ಗಟ್ಟಿಯಾಗಿದ್ದರು.

ಮಗಳು ರಂಜನಾಗೆ ಮೂವತ್ತು ವರ್ಷ. ರಾಣೆಬೆನ್ನೂರಿಗೆ ಕೊಟ್ಟಿದ್ದರು, ನಾಲ್ಕು ವರ್ಷ ಬಾಳಿ, ಗಂಡನಿಂದ ಸೋಡಚೀಟಿಯಾಗಿ, ಬಿಡುಗಡೆ ಪಡೆದು ತವರಿಗೆ ಬಂದು ಎರಡು ವರ್ಷವಾಗಿತ್ತು. ಊರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಮನೆಯಲ್ಲಿ ಅವಳಿಗೆ ಯಾರೂ ಒಂದು ಬಿರುಸು ಮಾತು ಆಡಿದವರಲ್ಲ. ಹಾಗೆಯೇ, ನಿನಗೆ ಏನು ಬೇಕು, ನೀನು ಏನಂತಿ ಎಂದು ಕೇಳಿದವರೂ ಇಲ್ಲ. ಗಾಯ ಮುಟ್ಟಬಾರದೆಂಬ ಎಚ್ಚರಿಕೆಯಲ್ಲಿ ಎಲ್ಲರೂ ಅವಳನ್ನೇ ಮುಟ್ಟದೆ ಬಿಟ್ಟಿದ್ದರು.

ರಾಣೆಬೆನ್ನೂರಿನ ಮನೆಯಲ್ಲಿದ್ದಾಗ ಅವಳಿಗೆ ಹಿಪ್ ಹಾಪ್ ಹುಚ್ಚು ಹಿಡಿದಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಯಾರೋ ಹುಡುಗರು ತನ್ನದೇ ಮಾತಿನಲ್ಲಿ ಜಗಳವಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಮನೆಯಲ್ಲಿ ಅವಳಿಗೆ ಜಗಳವಾಡುವ ಬಾಯಿರಲಿಲ್ಲ. ತವರಿಗೆ ಬಂದ ಮೇಲೆ ಹುಬ್ಬಳ್ಳಿಯಿಂದ ಎರಡು ತಿಂಗಳಿಗೊಮ್ಮೆ ಹೊರಡುವ ‘ಬಡಿತ’ ಎಂಬ ಹಿಪ್ ಹಾಪ್ ಪತ್ರಿಕೆಗೆ ಬರೆಯತೊಡಗಿದಳು. ಐದುನೂರು ಪ್ರತಿಯ ಪತ್ರಿಕೆ. ಮೊಬೈಲ್ ರಿಪೇರಿ ಅಂಗಡಿಯ ಮುಬಶೀರ ಅದರ ಸಂಪಾದಕ. ಅದರಲ್ಲಿ ಬಂದ ಪ್ರತಿ ಹಾಡೂ ಬೆಂಕಿ, ಹಾಡಿದವನು ಹುಲಿ. ಸಂದರ್ಶನದ ಪ್ರಶ್ನೆ ಎರಡೇ: ನಿಮಗೆ ಸ್ಫೂರ್ತಿ ಯಾರು, ಮುಂದಿನ ಹಾಡು ಯಾವಾಗ. ಹಾಡುಗಾರ ತನ್ನ ಬಗ್ಗೆ ತಾನೇ ಬರೆದು ಕಳಿಸಿದರೆ ಅದನ್ನೂ ವಿಮರ್ಶೆಯೆಂದು ಅಚ್ಚು ಹಾಕಿದ್ದುಂಟು. ರಂಜನಾ ಮಾತ್ರ ಒಂದು ಹಾಡನ್ನು ಇಪ್ಪತ್ತು ಸಲ ಕೇಳಿ, ಇಲ್ಲಿ ಉಸಿರು ಸಾಲಿಲ್ಲ, ಈ ಸಾಲು ಬೇರೆಯವರದ್ದು ಎಂದು ಬರೆದುಬಿಡುತ್ತಿದ್ದಳು. ಹುಡುಗರು ಸಿಟ್ಟಾಗುತ್ತಿದ್ದರು. ಬೇರೆ ಬರೆಯುವವರು ಸಿಗದ ಕಾರಣ ಮುಬಶೀರ ಸಹಿಸಿಕೊಂಡಿದ್ದ.

ಹಾಗೆ ಬರೆದದ್ದರಿಂದಲೇ ಅವಳಿಗೆ ಮಲ್ಲಿಕಾ ಸಿಕ್ಕಿದ್ದು. ಮಲ್ಲಿಕಾ ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯ ಹುಡುಗಿ, ಇಪ್ಪತ್ಮೂರು ವರ್ಷ. ಹಗಲೆಲ್ಲ ಜಂಪರ ಹೊಲಿಯುವಳು. ಮೊಬೈಲಿನಲ್ಲೇ ರೆಕಾರ್ಡ್ ಮಾಡಿದ ಅವಳ ಮೊದಲ ಹಾಡಿನ ತುಂಬ ಬಂದೂಕು, ವೈರಿಗಳು. ಹಿರೇಬೆಂಡಿಗೇರಿಯಲ್ಲಿ ಈಕೆಗೆ ವೈರಿ ಯಾರು ಎಂದು ರಂಜನಾ ಬರೆದಳು. ಬಸ್ಸು ನಿಲ್ಲಿಸದೆ ಹೋದ ಡ್ರೈವರನ ಮೇಲಿನ ಎರಡು ಸಾಲು ಮಾತ್ರ ಈಕೆಯವು, ಉಳಿದದ್ದು ಎರವಲು ಸಿಟ್ಟು ಎಂದಳು. ಪತ್ರಿಕೆ ಬಂದ ಐದನೇ ದಿನ ಮಲ್ಲಿಕಾ ಮನೆಯ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಿದ್ದಾಳೆಂದು ಸರೋಜವ್ವ ಬಾಗಿಲಿಗೆ ಅಡ್ಡ ನಿಂತಳು.

“ಅಕ್ಕಾ, ನೀವು ನನ್ನ ಹಾಡು ಕೇಳೀರಿ,” ಅಂದಳು ಮಲ್ಲಿಕಾ. “ಉಳಿದವ್ರು ಬರೇ ಹೊಗಳ್ಯಾರ.”

ಆಮೇಲೆ ದಾರ, ಅಸ್ತರ ಕೊಳ್ಳಲು ಪೇಟೆಗೆ ಬಂದಾಗಲೆಲ್ಲ ಅವಳು ಮಾಳಿಗೆ ಹತ್ತಿ ಬರುತ್ತಿದ್ದಳು. ಹಾಡುವಳು, ರಂಜನಾ ಕಣ್ಣು ಮುಚ್ಚಿ ಕೇಳಿ, ಇದು ನಿನ್ನದು, ಇದು ನಿನ್ನದಲ್ಲ ಅನ್ನುವಳು. ಹಾಗೆ ನಾಲ್ಕು ತಿಂಗಳಲ್ಲಿ ‘ಅವ್ವನ ಹೆಬ್ಬೆಟ್ಟು’ ಎಂಬ ಹಾಡು ತಯಾರಾಯಿತು. ಮಲ್ಲಿಕಾಳ ತಾಯಿ ತಿಪ್ಪವ್ವನ ಹೆಬ್ಬೆಟ್ಟಿನ ಗೆರೆ ಕಳೆ ಕಿತ್ತು ಕಿತ್ತು ಸವೆದು, ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುವುದಿಲ್ಲ; ಯಂತ್ರದ ಮುಂದೆ ನಿಂತು ತಿಪ್ಪವ್ವ ಆಡುವ ಜಗಳವೇ ಹಾಡು. ವಾರದಲ್ಲಿ ಆ ಎರಡು ತಾಸು ಬಿಟ್ಟರೆ ರಂಜನಾಳನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಹಾನಗಲ್ಲಿನ ಒಂದು ಯುವಕ ಸಂಘದವರು ಭಾನುವಾರ ಸಂಜೆ ಹಾಡಿನ ಕಾರ್ಯಕ್ರಮ ಇಟ್ಟು ಮಲ್ಲಿಕಾಳನ್ನು ಕರೆದರು. ಅವಳ ಮೊದಲ ವೇದಿಕೆ. ಕರಪತ್ರದಲ್ಲಿ ಅವಳ ಐದು ಹಾಡುಗಳ ಹೆಸರೂ ಇದ್ದವು.

“ಮೊದಲನೇ ಸಾಲಿನಾಗ ನಿಮಗೊಂದು ಕುರ್ಚಿ ಹಿಡಿದಿಡ್ತೇನಿ,” ಅಂದಳು ಅವಳು. “ನಿಮ್ಮ ಮಾರಿ ನೋಡ್ಕೋತ ಹಾಡ್ತೇನಿ. ಇಲ್ಲಂದ್ರ ನನ್ನ ಕಡೆ ಆಗಂಗಿಲ್ಲ.”

ರಂಜನಾ ಖಂಡಿತ ಬರುವೆನೆಂದು ಮಾತು ಕೊಟ್ಟಳು. ಅದರ ವರದಿಗೆಂದು ಮುಬಶೀರನೂ ಒಂದು ಪುಟ ಖಾಲಿ ಬಿಟ್ಟ. ಪತ್ರಿಕೆ ಅಚ್ಚಿಗೆ ಹೋಗುವುದು ಸೋಮವಾರ ಬೆಳಿಗ್ಗೆ.

ಅದೇ ಭಾನುವಾರ ಸರೋಜವ್ವ ಸೊಸೆ ಶ್ವೇತಾಳ ಕುಬಸ ಇಟ್ಟುಕೊಂಡಳು. ಚೊಚ್ಚಲ ಬಸಿರು, ಏಳನೇ ತಿಂಗಳು. ಹಿರೇಕೆರೂರಿನಿಂದ ಬೀಗರು ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬುವ ದಿನ. ದಿನ ನೋಡುವಾಗ ಸ್ವಾಮಿಗಳನ್ನು ಕೇಳಿದರು, ಚನ್ನೇಶನನ್ನು ಕೇಳಿದರು, ಅಡುಗೆಗೆ ಬರುವ ಅಡಿವೆವ್ವನನ್ನೂ ಕೇಳಿದರು. ರಂಜನಾಗೂ ಒಂದು ಭಾನುವಾರ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಅವಳೇ ಬಾಯಿಬಿಟ್ಟು ಹೇಳಿದಾಗ ಸರೋಜವ್ವ, ನಾದಿನಿ ಮನೆಯಲ್ಲಿಲ್ಲವೆಂದರೆ ಬೀಗರು ಏನಂದುಕೊಂಡಾರು ಎಂದಳು. ಕೊನೆಗೆ ಎರಡು ಗಂಟೆಗೆ ಊಟ ಮುಗಿಸಿ ನಾಲ್ಕರ ಹಾನಗಲ್ ಬಸ್ಸಿಗೆ ಬಿಡುವುದೆಂದು ಒಪ್ಪಂದವಾಯಿತು.

ಬೀಗರ ಗಾಡಿ ಬಂದದ್ದೇ ಮೂರಕ್ಕೆ. ಶ್ವೇತಾಳನ್ನು ಮಣೆಯ ಮೇಲೆ ಕೂರಿಸಿದರು. ಐದು ಮಂದಿ ಮುತ್ತೈದೆಯರು ಬರ್ರಿ ಎಂದು ಹಿರೇಕೆರೂರಿನ ಅತ್ತೆಯೊಬ್ಬರು ಕೂಗಿದಾಗ ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಎದ್ದರು. ಸರೋಜವ್ವ ಮಗಳ ಕಿವಿಯ ಹತ್ತಿರ ಬಂದು, ಕಟ್ಟಿನ ಸಾರು ಉಕ್ಕುತ್ತಿದೆಯೇನೋ ನೋಡು ಅಂದಳು. ಸಾರು ಉಕ್ಕುತ್ತಿರಲಿಲ್ಲ. ರಂಜನಾ ಒಲೆಯ ಮುಂದೆ ನಿಂತು ಹೊರಗಿನ ಆರತಿ ಹಾಡು ಕೇಳಿದಳು. ತಾನು ಇರಲೇಬೇಕೆಂದು ಹಟ ಹಿಡಿದವರಿಗೆ ತಾನು ಬೇಕಾಗಿದ್ದದ್ದು ಅಡುಗೆಮನೆಯಲ್ಲಿ ಮಾತ್ರ ಎಂದು ಅವಳಿಗೆ ಬಹಳ ಕೆಟ್ಟದೆನಿಸಿತು.

ಹೋಳಿಗೆ ಬಡಿಸುತ್ತಿರುವಾಗಲೇ ನಾಲ್ಕೂಕಾಲು ಹೊಡೆಯಿತು, ಹಾನಗಲ್ ಬಸ್ಸು ಹೋಗಿಬಿಟ್ಟಿತ್ತು. ಪುಟ ಖಾಲಿ ಹೋದರೆ ಚೆನ್ನಾಗಿರುವುದಿಲ್ಲವೆಂದು ಮುಬಶೀರ ಎರಡು ಸಲ ಫೋನ್ ಮಾಡಿದ್ದ. ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ ಮಗಳ ಮುಖ ನೋಡಿ ಪರಮೇಶ್ವರಪ್ಪನವರು ಎದ್ದು ಬಂದರು. ವಿಷಯ ಕೇಳಿದರು. ಕರಪತ್ರ ಇದೆಯೇ ಎಂದರು. ಅವಳು ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಒಳಕೋಣೆಗೆ ಹೋದವರು ಇಪ್ಪತ್ತು ನಿಮಿಷದಲ್ಲಿ ಎರಡು ಹಾಳೆ ತಂದು ಅವಳ ಕೈಗಿಟ್ಟರು. ಮುಖದಲ್ಲಿ ಆರು ವರ್ಷದಿಂದ ಕಾಣದ ಕಳೆ ಇತ್ತು.

“ಕಳಸು,” ಅಂದರು. “ಒಂದ್ ಅಕ್ಷರ ತಪ್ಪಿಲ್ಲ.”

ಐದೂ ಹಾಡು ಹಾಡಿ ಮಲ್ಲಿಕಾ ಎಲ್ಲರ ಮನಸೂರೆಗೊಂಡಳೆಂದೂ, ಕಿಕ್ಕಿರಿದು ಸೇರಿದ್ದ ಸಭಿಕರು ಎದ್ದು ನಿಂತು ಕರತಾಡನ ಮಾಡಿದರೆಂದೂ, ‘ಅವ್ವನ ಹೆಬ್ಬೆಟ್ಟು’ ಮುಗಿದಾಗ ಹಲವರ ಕಣ್ಣು ಒದ್ದೆಯಾಗಿದ್ದವೆಂದೂ ಬರೆದಿತ್ತು. ರಂಜನಾ ಎರಡು ಸಲ ಓದಿದಳು. ಐದೂ ಹಾಡನ್ನು ತಾನು ಮಾಳಿಗೆಯ ಮೇಲೆ ಕೇಳಿದ್ದೇನೆ, ಅವಳು ಹಾಡುವುದಂತೂ ಹಾಡಿಯೇ ಹಾಡುತ್ತಾಳೆ, ಇದರಲ್ಲಿ ಸುಳ್ಳೇನು ಎಂದು ತನಗೆ ತಾನೇ ಹೇಳಿಕೊಂಡಳು. ಕರತಾಡನ ಎಂಬುದನ್ನು ಚಪ್ಪಾಳೆ ಮಾಡಿದಳು. ಒಲೆಯ ಪಕ್ಕದಲ್ಲಿ ನಿಂತೇ ಮೊಬೈಲಿನಲ್ಲಿ ಟೈಪ್ ಮಾಡಿ, ಐದಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದಳು. ಹಾನಗಲ್ಲಿನಲ್ಲಿ ಆಗಿನ್ನೂ ಶಾಮಿಯಾನ ಕಟ್ಟುತ್ತಿದ್ದರು.

ಪಾತ್ರೆ ತೊಳೆದಿಟ್ಟು ಮೊಬೈಲ್ ನೋಡಿದಾಗ ಮಲ್ಲಿಕಾಳ ಮೂರು ಕರೆ ಬಂದು ಹೋಗಿದ್ದವು. ತಿರುಗಿ ಮಾಡಿದರೆ ಸ್ವಿಚ್ ಆಫ್. ಮರುದಿನ, ಆಮೇಲೆ ಮಾತಾಡುತ್ತೇನೆ ಎಂಬ ಒಂದೇ ಸಾಲಿನ ಸಂದೇಶ ಬಂತು. ಬರಲಾಗಲಿಲ್ಲ, ತಪ್ಪು ತಿಳಿಯಬೇಡ ಎಂದು ರಂಜನಾ ಬರೆದಳು. ವರದಿ ಕಳಿಸಿದ್ದನ್ನು ಬರೆಯಲಿಲ್ಲ.

ನಾಲ್ಕು ದಿನ ಬಿಟ್ಟು ಶ್ವೇತಾಳನ್ನು ಹೆರಿಗೆಗೆಂದು ಹಿರೇಕೆರೂರಿಗೆ ಕರೆದೊಯ್ದರು. ಅಡುಗೆಮನೆಯಲ್ಲಿ ರಂಜನಾಳ ಜೊತೆ ಅದೂ ಇದೂ ಹರಟುತ್ತಿದ್ದವಳು ಅವಳೊಬ್ಬಳೇ. ಮಲ್ಲಿಕಾ ಪೇಟೆಗೆ ಬಂದರೂ ಮಾಳಿಗೆಗೆ ಬರಲಿಲ್ಲ. ಬಟ್ಟೆ ಅಂಗಡಿಯ ದಿಲ್ಶಾದ, ನಿಮ್ಮ ಹಾಡಿನ ಹುಡುಗಿ ನಿನ್ನೆ ಬಂದು ಹೋದಳಲ್ಲ ಅಂದಾಗಲೇ ಅದು ತಿಳಿದದ್ದು.

ಎರಡು ವಾರಕ್ಕೆ ‘ಬಡಿತ’ದ ಕಟ್ಟು ಬಂತು. ವರದಿಯ ಕೆಳಗೆ ರಂಜನಾಳ ಹೆಸರಿತ್ತು. ಪರಮೇಶ್ವರಪ್ಪನವರು ಅದನ್ನು ಮೂರು ಸಲ ಓದಿ, ಅಂದು ಬೆಳಿಗ್ಗೆಯೇ ದಾಡಿ ಮಾಡಿಸಿಕೊಂಡು, ಒಂದು ಪ್ರತಿಯನ್ನು ಬಗಲಲ್ಲಿಟ್ಟುಕೊಂಡು ಪೇಟೆಗೆ ಹೋದರು. ತಲೆಯ ಮೇಲೆ ಟೋಪಿ ತಿರುಗಿಸಿ ಹಾಕಿಕೊಂಡ ಹುಡುಗರ ಫೋಟೋಗಳ ನಡುವೆ ತಮ್ಮ ವಾಕ್ಯ ಹೇಗೆ ನಿಂತಿದೆ ಎಂದು ಮೂರು ಹೋಟೆಲಿನಲ್ಲಿ ತೋರಿಸಿದರು. ಮುಬಶೀರನೂ ಫೋನ್ ಮಾಡಿದ. ಮೇಡಮ್ಮು ಮೊದಲ ಸಲ ಹುಳುಕು ಹುಡುಕದೆ ಬರೆದಿದ್ದಾರೆ, ಎಲ್ಲರಿಗೂ ಹಿಡಿಸಿದೆ, ಇನ್ನು ಹೀಗೇ ಬರೆಯಿರಿ ಎಂದ. ತಾನು ಕೇಳಿ, ಒದ್ದಾಡಿ ಬರೆದ ಯಾವುದಕ್ಕೂ ಇಷ್ಟು ಹೊಗಳಿಕೆ ಬಂದಿರಲಿಲ್ಲವಲ್ಲ ಎಂದು ರಂಜನಾಗೆ ಹೇಸಿಗೆಯಾಯಿತು.

ಅಂದು ಸಂಜೆ ಮಲ್ಲಿಕಾಳ ಕರೆ ಬಂತು.

“ಅಕ್ಕಾ, ನೀವು ಎಲ್ಲಿ ಕುಂತಿದ್ರಿ?”

ರಂಜನಾ ಫೋನ್ ಹಿಡಿದು ಮಾಳಿಗೆ ಹತ್ತಿದಳು.

“ಮೊದಲನೇ ಸಾಲಿನಾಗ ಹುಡುಕಿದೆ. ಹಿಂದಿನ ಸಾಲಿನಾಗ ಹುಡುಕಿದೆ. ನೀವು ಬಂದಿದ್ರ ಗೊತ್ತಾಗ್ತಿತ್ತು, ನಾ ಐದು ಹಾಡು ಹಾಡ್ಲಿಲ್ಲ. ಒಂದೂವರಿ ಹಾಡೀನಿ.”

“ಮಲ್ಲಿಕಾ, ಏನಾತು ಹೇಳು.”

“ಬರ್ದೀರಲ್ಲಾ, ಏನಾತಂತ,” ಅಂದು ಅವಳು ಫೋನ್ ಇಟ್ಟಳು.

ಮುಂದಿನ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ರಂಜನಾ ಮಾತು ತೆಗೆದಳು. ತಾನು ಹೋಗದೆ ಬರೆದೆನೆಂದು ಮುಂದಿನ ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತೇನೆ ಅಂದಳು. ಚನ್ನೇಶ ರೊಟ್ಟಿ ಮುರಿಯುತ್ತ ನಕ್ಕ. ಆ ಪತ್ರಿಕೆ ಓದುವವರು ಐದುನೂರು ಮಂದಿ, ಅದರಲ್ಲಿ ನಾನೂರು ಮಂದಿ ತಮ್ಮ ಫೋಟೋ ಮಾತ್ರ ನೋಡುವವರು, ಯಾರಿಗೆ ಹೇಳುತ್ತೀ ಅಂದ. ಪರಮೇಶ್ವರಪ್ಪನವರು ನಗಲಿಲ್ಲ.

“ಏನು ತಪ್ಪೈತಿ ಅದರಾಗ?”

“ಅಪ್ಪಾ, ಆಕಿ ಐದು ಹಾಡು ಹಾಡೇ ಇಲ್ಲ. ಮಂದಿ ಎದ್ದೂ ನಿಂತಿಲ್ಲ.”

“ಒಳ್ಳೇದಾಗೂಹಂಗ ಬರ್ದೇನಿ. ಯಾರ ಹೆಸರರ ಕೆಡಿಸೇನೇನು? ಮೂವತ್ತು ವರ್ಷ ಹಿಂಗ ಬರ್ದೇನಿ, ಒಬ್ಬರೂ ಬಂದು ಯಾಕ ಬರ್ದಿ ಅಂದಿಲ್ಲ.”

“ಅವ್ರೆಲ್ಲಾ ಭಾಷಣ ಮಾಡೂವ್ರು, ಅಪ್ಪಾ. ಏನು ಬರ್ದರೂ ನಡೀತಿತ್ತು. ಈಕಿ ಅಲ್ಲೆ ನಿಂತು ಹಾಡ್ಯಾಳ.”

“ಅಂದ್ರ ಮೂವತ್ತು ವರ್ಷ ನಾ ಮಾಡಿದ್ದು ಏನು?”

ಪರಮೇಶ್ವರಪ್ಪನವರು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದರು. ಸರೋಜವ್ವ ಮಗಳ ಮೇಲೆ ಹರಿಹಾಯ್ದಳು. ಆರು ವರ್ಷದ ಮೇಲೆ ಮನುಷ್ಯ ನಾಲ್ಕು ಮಂದಿಯಲ್ಲಿ ನಗುತ್ತ ಓಡಾಡಿದ್ದರು, ಅದೂ ನಿನ್ನ ಕಣ್ಣು ಕುಕ್ಕಿತೇ ಅಂದಳು. ರಂಜನಾಗೆ ಅಂದು ಮೊದಲ ಸಲ ಮನೆಯಲ್ಲಿ ಬಿರುಸು ಮಾತು ಬಿತ್ತು. ಅವಳು ಅಷ್ಟೇ ಬಿರುಸಾಗಿ, ಆ ದಿನ ನನ್ನನ್ನು ಹಾನಗಲ್ಲಿಗೆ ಬಿಟ್ಟಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ, ಆರತಿಗೆ ಬೇಡವಾದವಳು ಸಾರಿಗೆ ಯಾಕೆ ಬೇಕಾಗಿತ್ತು ಅಂದಳು. ಸರೋಜವ್ವನ ಕೈ ಗಡಿಗೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವಳು ಎಲ್ಲರ ತಟ್ಟೆ ಎತ್ತಿದಳು.

ಅಲ್ಲಿಂದ ಮನೆಯಲ್ಲಿ ಅಪ್ಪ ಮಗಳ ಮಾತು ನಿಂತಿತು. ಪರಮೇಶ್ವರಪ್ಪನವರು ಪೇಟೆಗೆ ಹೋಗುವುದನ್ನು ಬಿಟ್ಟರು. ಚಹಾ ಬೇಕಾದರೆ ಹೆಂಡತಿಯನ್ನು ಕೇಳುವರು. ಮಗಳು ತಂದಿಟ್ಟರೆ ಆರುವವರೆಗೆ ಮುಟ್ಟುತ್ತಿರಲಿಲ್ಲ. ಊಟವೂ ಒಬ್ಬೊಬ್ಬರದು ಒಂದೊಂದು ಹೊತ್ತಿಗಾಯಿತು.

ಶಾಲೆಗೆ ರಜೆ ಹಾಕಿ ರಂಜನಾ ಹಿರೇಬೆಂಡಿಗೇರಿಗೆ ಹೋದಳು. ತಿಪ್ಪವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿ, ಚುರುಮುರಿ, ಚಹಾ ಕೊಟ್ಟಳು. ಹಾನಗಲ್ಲಿನ ವಿಷಯ ಅವಳಿಗೆ ಗೊತ್ತಿದ್ದಂತಿರಲಿಲ್ಲ. ಒಳಗೆ ಮಲ್ಲಿಕಾ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ರಂಜನಾ ಹೋಗಿ ಪಕ್ಕದಲ್ಲಿ ಕುಳಿತರೂ ನಿಲ್ಲಿಸಲಿಲ್ಲ. ತನ್ನದು ತಪ್ಪಾಯಿತು, ಹೋಗದೆ ಬರೆದೆ, ಅದನ್ನು ಪತ್ರಿಕೆಯಲ್ಲೇ ಒಪ್ಪಿಕೊಳ್ಳುತ್ತೇನೆ, ಅಂದು ಏನಾಯಿತು ಹೇಳು ಎಂದು ರಂಜನಾ ಕೇಳಿಕೊಂಡಳು. ಯಂತ್ರ ಓಡುತ್ತಲೇ ಇತ್ತು. ಒಂದು ತೋಳು ಮುಗಿಸಿ, ದಾರ ಹರಿದು, ಮಲ್ಲಿಕಾ ತಲೆಯೆತ್ತಿದಳು.

“ನನ್ನ ಹಾಡು ಚೊಲೋ ಇಲ್ಲ ಅಂದವ್ರು ನೀವೊಬ್ರೇ, ಅಕ್ಕಾ. ಅದಕ್ಕ ನೀವು ಚೊಲೋ ಐತಿ ಅಂದಾಗ ನಾ ನಂಬತಿದ್ದೆ. ಈಗ ‘ಅವ್ವನ ಹೆಬ್ಬೆಟ್ಟು’ ಚೊಲೋ ಐತೋ ಇಲ್ಲೋ ನಂಗ ಗೊತ್ತಿಲ್ಲ. ಅದನ್ನೂ ನೀವು ಕೇಳಿ ಹೇಳಿದ್ರೋ, ಕೇಳದ ಹೇಳಿದ್ರೋ.”

“ಕೇಳಿ ಹೇಳೇನಿ, ಮಲ್ಲಿಕಾ. ನಿನ್ನಾಣೆ.”

“ಇರಬೌದು,” ಅಂದು ಅವಳು ಇನ್ನೊಂದು ತೋಳು ಯಂತ್ರಕ್ಕೆ ಕೊಟ್ಟಳು.

ರಂಜನಾ ಬಸ್ಸಿಗಾಗಿ ಒಂದು ತಾಸು ನಿಂತಳು. ರಾಣೆಬೆನ್ನೂರಿನಿಂದ ಬಂದ ದಿನವೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಅಂದು ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಮುಬಶೀರ ಮೊದಲು ಒಪ್ಪಲಿಲ್ಲ. ಯಾರೂ ಕೇಳದ ತಪ್ಪನ್ನು ನಾವೇ ಸಾರಿಕೊಂಡರೆ ಪತ್ರಿಕೆಯನ್ನು ಯಾರು ನಂಬುತ್ತಾರೆ ಅಂದ. ತಿದ್ದುಪಡಿ ಇಲ್ಲದಿದ್ದರೆ ಯಾರು ಯಾಕೆ ನಂಬಬೇಕು ಎಂದು ರಂಜನಾ ಕೇಳಿದಳು. ಅವಳು ಜಗ್ಗದಿದ್ದಾಗ ಅವನು ಅರ್ಧ ಪುಟ ಕೊಡುವುದಾಗಿ ಹೇಳಿದ.

“ಆದ್ರ ಮೇಡಂ, ಅದೇ ನಿಮ್ದು ಕಡೀದು. ಹೋಗದ ಬರದಾರು ಅಂತ ಅಚ್ಚಾದ ಮ್ಯಾಲೆ ನಿಮ್ಮ ಹೆಸರು ಹಾಕಾಕ ಬರಂಗಿಲ್ಲ ನನಗ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ರಂಜನಾ ಆಗಲಿ ಅಂದಳು.

ಅರ್ಧ ಪುಟ ಬರೆಯಲು ಅವಳಿಗೆ ಒಂದು ವಾರ ಹಿಡಿಯಿತು. ‘ಹಾನಗಲ್ಲಿನ ಕಾರ್ಯಕ್ರಮಕ್ಕೆ ನಾನು ಹೋಗಿರಲಿಲ್ಲ. ವರದಿಯನ್ನು ಕಾರ್ಯಕ್ರಮ ಶುರುವಾಗುವ ಮೊದಲೇ ಕರಪತ್ರ ನೋಡಿ ಬರೆದು ಕಳಿಸಿದೆ. ಮಲ್ಲಿಕಾ ಹಾಡಿದ್ದು ಐದು ಹಾಡಲ್ಲ. ಓದುಗರ ಮತ್ತು ಮಲ್ಲಿಕಾ ಅವರ ಕ್ಷಮೆ ಕೇಳುತ್ತೇನೆ.’ ನಿಜವಾಗಿ ಅಂದು ಏನಾಯಿತೆಂದು ಬರೆಯಲು ಅವಳ ಹತ್ತಿರ ಏನೂ ಇರಲಿಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಪಡಸಾಲೆಯ ಮೇಜಿನ ಮೇಲೆ ಅಪ್ಪನ ಪತ್ರಿಕೆಗಳ ಪಕ್ಕ ಇಟ್ಟು ಶಾಲೆಗೆ ಹೋದಳು. ಕದ್ದು ಕಳಿಸಿದೆ ಎಂದು ಆಗಬಾರದು ಎಂಬುದು ಅವಳ ವಿಚಾರ.

ಸಂಜೆ ಬಂದಾಗ ಹಾಳೆಯ ಮೇಲೆ ಕೆಂಪು ಗೀಟು ಬಿದ್ದಿತ್ತು. ‘ಕರಪತ್ರ ನೋಡಿ ಬರೆದು ಕಳಿಸಿದೆ’ ಎಂಬುದರ ಕೆಳಗೆ. ಪರಮೇಶ್ವರಪ್ಪನವರು ಮೂರು ವಾರದ ಮೇಲೆ ಮಗಳೊಡನೆ ಮಾತಾಡಿದರು.

“ಇದು ಸುಳ್ಳು. ಬರ್ದಾಂವ ನಾನು.”

“ಊರಾಗ ನಿಮಗ ಮರ್ಯಾದಿ ಐತಿ, ಅಪ್ಪಾ. ನನ್ನ ಹೆಸರು ಇತ್ತು, ನನ್ನ ಹೆಸರೇ ಇರಲಿ.”

“ನಿನ್ನ ಹೆಸರು, ನಿನ್ನ ಹೆಸರು,” ಅಂದರು ಅವರು. “ಅಚ್ಚಾದಾಗೂ ನಾ ಇರಲಿಲ್ಲ. ತಪ್ಪು ಒಪ್ಕೊಳ್ಳೂ ಮುಂದೂ ನಾ ಇಲ್ಲೇನು? ನನ್ನನ್ನ ಸತ್ತವ್ರ ಲೆಕ್ಕಕ್ಕ ಹಿಡಿದೀರೇನು ಎಲ್ಲಾರೂ ಕೂಡಿ?”

ಅಪ್ಪನನ್ನು ಉಳಿಸುತ್ತಿದ್ದೇನೆಂದು ರಂಜನಾ ತಿಳಿದಿದ್ದಳು. ತನ್ನನ್ನು ಮನೆಯವರು ಹೇಗೆ ಮುಟ್ಟದೆ ಬಿಟ್ಟಿದ್ದರೋ ಅಪ್ಪನನ್ನು ತಾನೂ ಹಾಗೇ ಬಿಟ್ಟಿದ್ದೇನೆಂದು ಆಗ ಅರಿವಾಗಿ ಅವಳಿಗೆ ನಾಚಿಕೆಯಾಯಿತು.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಮನೆಗೆ ಬಂದಾಗ ಪಡಸಾಲೆಯ ಕುರ್ಚಿ ಖಾಲಿ. ಬೆಳಿಗ್ಗೆ ಏಳಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು, ಎರಡು ಪೆನ್ನು, ಒಂದು ನೋಟ್‌ಬುಕ್ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋದರೆಂದು ಸರೋಜವ್ವ ಹೇಳಿದಳು. ಎಲ್ಲಿಗೆಂದು ಕೇಳಿದರೆ, ವರದಿಗೆ ಅಂದರಂತೆ.

ಅವರು ತಿರುಗಿ ಬಂದಾಗ ಮೂರೂವರೆ. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಸರೋಜವ್ವ ಗೊಣಗುತ್ತ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿಟ್ಟಳು. ತಟ್ಟೆಗೆ ಕೈ ಹಾಕುವ ಮೊದಲು ಅವರು ನೋಟ್‌ಬುಕ್ಕನ್ನು ಮಗಳ ಕಡೆ ಸರಿಸಿದರು. ಒತ್ತೊತ್ತಾಗಿ ನಾಲ್ಕು ಪುಟ ಬರೆದಿದ್ದರು.

ಹಿರೇಬೆಂಡಿಗೇರಿಗೆ ಹೋಗಿ, ಆ ವರದಿ ಬರೆದವನು ನಾನು, ನಾನೂ ಹಾನಗಲ್ಲಿಗೆ ಬಂದಿರಲಿಲ್ಲ, ಅಂದು ಏನಾಯಿತು ಹೇಳವ್ವಾ ಎಂದು ಕೇಳಿದರಂತೆ. ಮುಪ್ಪಿನ ಮನುಷ್ಯ ಪೆನ್ನು ಬಿಚ್ಚಿ ಕುಳಿತದ್ದು ನೋಡಿ ಮಲ್ಲಿಕಾ ಹೊಲಿಗೆ ಯಂತ್ರ ನಿಲ್ಲಿಸಿದಳು. ಅವರು ಎಷ್ಟು ಮಂದಿ ಇದ್ದರೆಂದು ಕೇಳಿದರು. ಕುರ್ಚಿ ಎಷ್ಟಿದ್ದವು, ದೀಪ ಯಾವ ಕಡೆಯಿಂದ ಬೀಳುತ್ತಿತ್ತು, ಎಷ್ಟು ಗಂಟೆಗೆ ಹತ್ತಿದೆ, ಎಷ್ಟಕ್ಕೆ ಇಳಿದೆ ಎಂದು ಕೇಳಿದರು. ಅವಳು ತಪ್ಪಿ ಹೇಳಿದ ಕಡೆ ಎರಡನೇ ಸಲ ಕೇಳಿದರು. ಅಲ್ಲಿಂದ ಹಾನಗಲ್ಲಿಗೆ ಹೋಗಿ, ಅಂದು ಧ್ವನಿವರ್ಧಕ ಹಾಕಿದ್ದ ಉಡಚಪ್ಪನನ್ನು ಹುಡುಕಿ ಅವನನ್ನೂ ಕೇಳಿಕೊಂಡು ಬಂದಿದ್ದರು. ಮೂವತ್ತು ವರ್ಷದಲ್ಲಿ ಯಾವ ಸಮಾರಂಭಕ್ಕೂ ಅವರು ಇಷ್ಟು ತಿರುಗಿದ್ದಿಲ್ಲ.

ರಂಜನಾ ಓದಿದಳು. ಜನ ಸುಮಾರು ಎಪ್ಪತ್ತು, ಹೆಚ್ಚಿನವರು ಊಟದ ವ್ಯವಸ್ಥೆ ಇದೆಯೆಂದು ಬಂದವರು. ಮೊದಲ ಹಾಡಿಗೆ ಹತ್ತು ಮಂದಿ ಚಪ್ಪಾಳೆ. ಎರಡನೆಯದು ‘ಅವ್ವನ ಹೆಬ್ಬೆಟ್ಟು’. ಹಾಡು ನಡುವಿಗೆ ಬಂದಾಗ ಮುಖ್ಯ ಅತಿಥಿಗಳ ಕಾರು ಬಂತು. ಸಂಘದವರು ಸನ್ನೆ ಮಾಡಿ ಅವಳ ಮೈಕು ಬಂದ್ ಮಾಡಿಸಿದರು. ಮೈಕಿಲ್ಲದೆಯೇ ಅವಳು ಇನ್ನೂ ಎಂಟು ಸಾಲು ಹಾಡಿದಳು. ಎದುರಿಗೆ ಕುಳಿತಿದ್ದ ಒಬ್ಬ ಮುದುಕಿ ತನ್ನ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಆಮೇಲೆ ಅತಿಥಿಗಳಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಭಾಷಣವಾಯಿತು. ಮತ್ತೆ ಅವಳನ್ನು ವೇದಿಕೆಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಮೂರು ಸಲ ಫೋನ್ ಮಾಡಿದಳು. ಮೊದಲ ಸಾಲಿನಲ್ಲಿ ತಾನು ಚೀಲ ಇಟ್ಟು ಹಿಡಿದಿದ್ದ ಕುರ್ಚಿಯನ್ನು ಯಾರೋ ಅತಿಥಿಗಳ ಚಾಲಕನಿಗೆ ಕೊಟ್ಟಿದ್ದರು.

ಒಂದು ಕಡೆಯೂ ಮನಸೂರೆ ಇರಲಿಲ್ಲ. ಇದು ಅಚ್ಚಾದರೆ ‘ಬಡಿತ’ದಲ್ಲಿ ಇದುವರೆಗೆ ಬಂದದ್ದರಲ್ಲೇ ಎಲ್ಲಕ್ಕಿಂತ ಒಳ್ಳೆಯ ವರದಿಯಾಗುತ್ತದೆಂದು ರಂಜನಾಗೆ ಗೊತ್ತಾಯಿತು. ಅವಳು ಕೊನೆಯ ಪುಟ ತಿರುವಿದಳು. ಹಿಂದೆ ಏನೂ ಬರೆದಿರಲಿಲ್ಲ.

“ಅಪ್ಪಾ,” ಅಂದಳು. “ಆಕಿ ನನ್ನ ಬಗ್ಗೆ ಏನರ ಕೇಳಿದ್ಲೇನು?”

ಪರಮೇಶ್ವರಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಬಾಯೇ ಬಿಡದ ಎಷ್ಟೋ ಮಂದಿಯ ಬಾಯಲ್ಲಿ ಅವರು ಒಳ್ಳೆಯ ಮಾತು ಇಟ್ಟವರು. ಇಲ್ಲಿ ಒಂದೇ ಮಾತು ಸಾಕಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಸರೋಜವ್ವ, ಹೂಂ ಅನ್ನಿರಿ ಎಂದು ಗಂಡನಿಗೆ ಕಣ್ಣಿನಲ್ಲೇ ಹೇಳುತ್ತಿದ್ದಳು. ಅವರು ಅದನ್ನು ನೋಡಿದರು. ಮಗಳ ಮುಖವನ್ನೂ ನೋಡಿದರು.

“ಇಲ್ಲವ್ವಾ,” ಅಂದರು. “ಕೇಳಲಿಲ್ಲ.”

ರಂಜನಾ ಹೌದೆಂಬಂತೆ ತಲೆಯಾಡಿಸಿದಳು. ಅಪ್ಪ ಹೇಳಿದ್ದು ನಿಜವೋ ಅಲ್ಲವೋ ಎಂದು ಅವಳಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಅದಕ್ಕೇ ಅಳು ತಡೆಯಲಾಗಲಿಲ್ಲ. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ನೋಟ್‌ಬುಕ್ ಎತ್ತಿಕೊಂಡು ಒಳಗೆ ಹೋದಳು.